ಥೇಮ್ಸ್ ಮೇಲೆ ನಟ್ ರೋಸ್ಟ್

ಡಿಸೆಂಬರಿನ ಲಂಡನ್ನಿನಲ್ಲಿ ಸೂರ್ಯ ನಾಲ್ಕಕ್ಕೂ ಮುಂಚೆ ಅಂಗಡಿ ಮುಚ್ಚುತ್ತಾನೆ. ಆದ್ದರಿಂದ ಕ್ರಿಸ್‌ಮಸ್ ದೋಣಿಯೂಟದಲ್ಲಿ ‘ನದಿಯ ದೃಶ್ಯ’ ಎಂದರೆ ಕತ್ತಲು. ಮಗ ಟಿಕೆಟ್ ಮಾಡಿಸಿದ. ದಾವಣಗೆರೆಯ ಅಪ್ಪ-ಅಮ್ಮ ಹತ್ತಿದರು.

“ರೀ, ತಟ್ಟೇಲಿ ಇದೇನು, ಇಟ್ಟಿಗೆ?”

“ನಟ್ ರೋಸ್ಟ್ ಕಣೇ. ಟರ್ಕಿ ಕೋಳಿ ತಿನ್ನದವರಿಗೆ.”

“ಜೊತೆಗೆ ಗೋಲಿ ಗಾತ್ರದ ಕೋಸು! ಎಷ್ಟು ಕೊಟ್ಟನೋ?”

“ರೂಪಾಯಿಗೆ ಗುಣಿಸಬೇಡ, ಗಂಟಲಲ್ಲಿ ಇಳಿಯಲ್ಲ. ಅಲ್ಲಿ ನೋಡು, ಟವರ್ ಬ್ರಿಡ್ಜ್. 1894ರದ್ದು.”

“ಗಾಜೆಲ್ಲ ಹಬೆ. ನಮ್ಮ ಮುಖವೇ ಕಾಣ್ತಿದೆ.”

“1858ರಲ್ಲಿ ಈ ನದಿ ನಾರಿದ್ದಕ್ಕೆ ಪಾರ್ಲಿಮೆಂಟಿನ ಪರದೆಗಳನ್ನ ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿದ್ರಂತೆ.”

“ಉಣ್ಣೋ ಹೊತ್ತಲ್ಲಿ ಹೇಳೋ ಮಾತಾ? …ಆಮೇಲೆ?”

“ನಾತ ಬಡಿದದ್ದು ಸಂಸದರ ಮೂಗಿಗಲ್ವಾ? ಕೆಲವೇ ವಾರದಲ್ಲಿ ಚರಂಡಿ ಕಾಯ್ದೆ ಪಾಸು!”

“ನಮ್ಮ ವೃಷಭಾವತಿ ವಿಧಾನಸೌಧದ ಮುಂದೆ ಹರೀಬೇಕಿತ್ತು ಬಿಡಿ.”

ಅಷ್ಟರಲ್ಲಿ ಪಕ್ಕದ ಮೇಜಿನವರು ಕ್ರ್ಯಾಕರ್‌ನ ಒಂದು ತುದಿ ಚಾಚಿದರು. ಅಪ್ಪ ಎಳೆದರು. ‘ಟಪ್’. ಕಾಗದದ ಕಿರೀಟ, ಒಂದು ಜೋಕಿನ ಚೀಟಿ.

“ಓದಿದ್ರಲ್ಲ, ನಗು ಬರಲಿಲ್ವಾ?”

“ಬರಬಾರದಂತೆ. ಅದೇ ಸಂಪ್ರದಾಯ. ಏಳು, ಡೆಕ್ಕಿಗೆ ಹೋಗೋಣ. ಲ್ಯಾಂಬೆತ್ ದಂಡೇಲಿ ಬಸವಣ್ಣನ ಪ್ರತಿಮೆ ಇದೆ. 2015ರಲ್ಲಿ ಮೋದಿ ಅನಾವರಣ ಮಾಡಿದ್ದು.”

“ತಡೀರಿ, ಪುಡಿಂಗ್ ಬರ್ತಿದೆ.”

“ಅದರ ಮೇಲೆ ಬ್ರಾಂದಿ ಸಾಸ್ ಕಣೇ!”

“ಬ್ರಾಂದಿ ದ್ರಾಕ್ಷಿಯದಲ್ವಾ? ಹಣ್ಣೇ ಆಯ್ತು.”

“ಅಯ್ಯೋ, ಅಣ್ಣನೋರು ದಾಟಿಹೋದ್ರು!”

“ದೋಣಿ ವಾಪಸ್ ಬರುತ್ತಲ್ಲ, ಆಗ ಸಿಗ್ತಾರೆ. ಆ ಕಿರೀಟ ಮಾತ್ರ ತೆಗೆದುಬಿಡಿ, ಬಿಜ್ಜಳ ಬಂದ ಅಂದ್ಕೊಂಡಾರು.”