ಕಾಯಿ ಪಾಯಿಂಟು, ಕಂಪ್ಯೂಟರ್ ಪಾಯಿಂಟು

(ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲು. ಹರಿಹರದಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವ ಬಸಣ್ಣ. ಬೆಂಗಳೂರಿನಲ್ಲಿ ಓದುವ ಅಳಿಯ ಕಿರಣ.)

ಬಸಣ್ಣ: ಏನಲೇ ಅಳಿಯ, ದೋಸೆ ಆರ್ತೈತಿ. ಲ್ಯಾಪ್‌ಟಾಪಿನಾಗೆ ಏನ್ ಹುಡುಕ್ತೀಯ?

ಕಿರಣ: ಲಡಾಖ್‌ನಾಗೆ ಪರ್ಮಾಫ್ರಾಸ್ಟ್ ಎಲ್ಲಿರಬಹುದು ಅಂತ ಮಾಡೆಲ್ ಹಾಕ್ತಿದೀನಿ ಮಾವ.

ಬಸಣ್ಣ: ಮೆಕ್ಕೆಜೋಳದಾಗೆ ಹೊಸಾ ತಳಿನಾ?

ಕಿರಣ: ತಳಿ ಅಲ್ಲ, ನೆಲ. ಕನಿಷ್ಠ 2 ವರ್ಷ ಒಂದೇ ಸಮನೆ ಸೊನ್ನೆ ಡಿಗ್ರಿ ದಾಟದಂಗೆ ಇರೋ ನೆಲ.

ಬಸಣ್ಣ: ಉಪಗ್ರಹದಿಂದ ಫೋಟೋ ಹೊಡೆದ್ರೆ ಆತಲ್ಲ?

ಕಿರಣ: ಹಿಮನದಿ ಆದ್ರೆ ಫೋಟೋದಾಗೆ ಕಾಣ್ತೈತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದೋರು ಅದನ್ನ ಅಳೀತಾರೆ. ಇದು ಮಣ್ಣೊಳಗೆ, ಬಂಡೆಯೊಳಗೆ ಕುಂತಿರ್ತೈತಿ.

ಬಸಣ್ಣ: ಹಂಗಾದ್ರೆ ನೀನೂ ಪಾಯಿಂಟ್ ನೋಡೋನೇ ಆದ್ಯಲ್ಲೋ! ಅಂಗೈ ಮ್ಯಾಲೆ ತೆಂಗಿನಕಾಯಿ ಎದ್ದು ನಿಂತ್ರೆ ನಂಗೆ ನೀರು. ನಿಂಗೇನು, ಲ್ಯಾಪ್‌ಟಾಪ್ ಎದ್ದು ನಿಲ್ತೈತಾ?

ಕಿರಣ: ಎತ್ತರ ಎಷ್ಟು, ವರ್ಷದ ಸರಾಸರಿ ಉಷ್ಣತೆ ಎಷ್ಟು, ಇಳಿಜಾರಿನ ಮುಖ ಯಾವ ಕಡಿಗೆ, ಎಲ್ಲ ತುಂಬಬೇಕು. ಉತ್ತರಕ್ಕೆ ಮುಖ ಇದ್ರೆ ಬಿಸಿಲು ಕಡಿಮೆ, ಚಾನ್ಸ್ ಜಾಸ್ತಿ.

ಬಸಣ್ಣ: ಹಿಮ ಬಿದ್ದಲ್ಲೆಲ್ಲ ಇರ್ತೈತಿ ಬಿಡು.

ಕಿರಣ: ಅಲ್ಲೇ ಮೋಸ ಹೋಗೋದು! ಚಳಿಗಾಲದಾಗೆ ಹಿಮ ದಪ್ಪಗೆ ಕುಂತ್ರೆ ಗಾಳಿ ಥಂಡಿ ನೆಲಕ್ಕೆ ಇಳಿಯಂಗಿಲ್ಲ, ನೆಲದ ಬಿಸಿ ಹೊರಗೆ ಹೋಗಂಗಿಲ್ಲ.

ಬಸಣ್ಣ: ಖಾತ್ರಿ ಹೇಳು: ಐತೋ, ಇಲ್ಲೋ?

ಕಿರಣ: ಈ ಚೌಕದಾಗೆ 70 ಪರ್ಸೆಂಟ್ ಐತಿ.

ಬಸಣ್ಣ: ನಾನು ಹಿಂಗಂದ್ರೆ ರೈತರು ಫೀಸೂ 70 ಪರ್ಸೆಂಟೇ ಕೊಡ್ತಾರೆ!

ಕಿರಣ: 2012ರಾಗೆ ಗ್ರೂಬರ್ ಅನ್ನೋರು ಇಡೀ ಜಗತ್ತಿಂದೇ ಇಂಥ ನಕ್ಷೆ ಮಾಡಿದ್ರು, ಒಂದೊಂದು ಚೌಕ ಸುಮಾರು 1 ಕಿಲೋಮೀಟರ್. ಒಳಗೆ ಮಂಜುಗಡ್ಡೆ ಹಿಡ್ಕೊಂಡು ನಿಧಾನಕ್ಕೆ ಜಾರೋ ಕಲ್ಲುರಾಶಿ ಇರ್ತಾವಲ್ಲ, ಅವನ್ನ ಗೂಗಲ್ ಅರ್ಥ್‌ನಾಗೆ ಹಿಮಾಲಯದ ಉದ್ದಕ್ಕೂ ಹುಡುಕಿ, ನಕ್ಷೆ ಸರಿ ಐತಾ ಅಂತ 2015ರಾಗೆ ತಾಳೆ ನೋಡಿದ್ರು. ನೀವು ಫೇಲಾದ ಪಾಯಿಂಟ್ ಬರೆದಿಟ್ಟೀರೇನು?

ಬಸಣ್ಣ: ನನ್ ಪಾಯಿಂಟ್ ಫೇಲಾಗಂಗಿಲ್ಲಲೇ. ಬೋರ್ ಲಾರಿಯೋರು ಇನ್ನೂ ನೂರಡಿ ಹೊಡೀಬೇಕಿತ್ತು!

ಕಿರಣ: ನಾನು ಹಂಗಂದ್ರೆ ಗೈಡು ಪಿಎಚ್‌.ಡಿ. ಕೊಡ್ಸಂಗಿಲ್ಲ ಮಾವ.

(ಸಪ್ಲಯರ್ ಬಿಲ್ ಇಟ್ಟು ಹೋಗುತ್ತಾನೆ.)

ಬಸಣ್ಣ: ಇದನ್ನ ಯಾರು ಕೊಡ್ತಾರೆ ಅಂತ ಹೇಳ್ತೈತೇನು ನಿನ್ ಮಾಡೆಲ್ಲು?

ಕಿರಣ: ಅದಕ್ಕೆ ಮಾಡೆಲ್ ಯಾಕೆ, ಹಳೇ ದಾಖಲೆ ಸಾಕು. ಬಿಲ್ ಕಂಡ ಕೂಡ್ಲೆ ಕೈ ತೊಳೆಯಾಕೆ ಎದ್ದೀರಲ್ರೀ!