ನಾನು ಕಾರ್ಮಿಕನಲ್ಲವಂತೆ

ಡೊಂಬಿವಲಿಯಲ್ಲಿ ಯಾರೂ ನಿಮ್ಮ ಕೆಲಸವೇನೆಂದು ಕೇಳುವುದಿಲ್ಲ. ಎಷ್ಟು ಗಂಟೆಯ ಲೋಕಲ್ ಎಂದು ಕೇಳುತ್ತಾರೆ. ನನ್ನದು ಬೆಳಕು ಹರಿಯುವ ಮೊದಲಿನದು. ಥಾಣೆಯ ಲಾ ಕಾಲೇಜೊಂದರ ಬೆಳಗಿನ ಬ್ಯಾಚಿಗೆ ಕಾರ್ಮಿಕ ಕಾನೂನಿನ ಪಾಠ. "ವಕೀಲಿ ಓದಿ ಕೋರ್ಟಿಗೆ ಹೋಗದೆ ಶಾಲೆಗೆ ಹೋಗುವುದೆಂಥದು ಮಾರಾಯಾ?" ಎಂಬುದು ಊರಿನ ದೊಡ್ಡಪ್ಪನ ತಕರಾರು.

ಶುರುವಿನಲ್ಲಿ ನಾನು ಸಿಎಚ್‌ಬಿ ಮೇಷ್ಟ್ರು. ಮಹಾರಾಷ್ಟ್ರದಲ್ಲಿ ಹಾಗೆಂದರೆ ಪಾಠ ಮಾಡಿದ ಗಂಟೆಗಷ್ಟೇ ಕಾಸು. ಚೌತಿ, ದೀಪಾವಳಿ ಬಂದರೆ ಹುಡುಗರಿಗೆ ಹಬ್ಬ, ನನಗೆ ಸೂತಕ. ಕನಿಷ್ಠ ವೇತನ ಕಾಯಿದೆಯನ್ನು ಗದ್ಗದ ಕಂಠದಲ್ಲಿ ಬೋಧಿಸುತ್ತಿದ್ದೆ. ಅದನ್ನವರು ವಿಷಯದ ಮೇಲಿನ ಪ್ರೀತಿ ಎಂದುಕೊಂಡರು.

ಹುಡುಗರೂ ಸಾಮಾನ್ಯರಲ್ಲ. ಒಬ್ಬ ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬರುವವ, ಇನ್ನೊಬ್ಬ ಕಲ್ಯಾಣದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವ. ದಿನಕ್ಕೆ ಎಂಟು ಗಂಟೆ ದುಡಿಮೆ ಎಂದು ಬೋರ್ಡಿನ ಮೇಲೆ ಬರೆದರೆ ಹೋಟೆಲಿನವ ಎದ್ದು ನಿಂತ: "ಸರ್, ಅದು ಮಧ್ಯಾಹ್ನದ ಮೊದಲಿನದ್ದಾ, ಆಮೇಲಿನದ್ದಾ?"

ಅವರೆಲ್ಲ ಕಾರ್ಮಿಕರು, ನಾನು? 1978ರಲ್ಲಿ ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಶಾಲೆ-ಕಾಲೇಜುಗಳನ್ನೂ 'ಉದ್ಯಮ'ದೊಳಗೆ ಎಳೆದುಕೊಂಡರು. ಸರಿ, ಜವಾನ ಕಾರ್ಮಿಕ, ಗುಮಾಸ್ತ ಕಾರ್ಮಿಕ. ಮೇಷ್ಟ್ರು? ಗೋವಾದ ಶಿಕ್ಷಕಿಯೊಬ್ಬರು ಕೇಳಿಯೇಬಿಟ್ಟರು. 1988ರಲ್ಲಿ ಸುಪ್ರೀಂ ಕೋರ್ಟು 'ಅಲ್ಲ' ಎಂದಿತು. ತೀರ್ಪು ಬರೆದವರು ನಮ್ಮ ಕನ್ನಡಿಗರೇ, ಇ.ಎಸ್. ವೆಂಕಟರಾಮಯ್ಯ. ಬೋಧನೆ ಉದಾತ್ತ ವೃತ್ತಿ ಎಂಬ ಮರ್ಯಾದೆಯ ಮಾತೂ ಅದರಲ್ಲಿದೆ. ಮರ್ಯಾದೆ ಕೂಡಲೇ ಸಿಕ್ಕಿತು. ಗ್ರಾಚುಯಿಟಿಗೆ ಮಾತ್ರ 2009ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹೀಗೆ, ಕಾರ್ಮಿಕನೆಂದರೆ ಯಾರು ಎಂದು ವರ್ಷವಿಡೀ ಪಾಠ ಹೇಳುವ ನಾನು ಆ ಪಟ್ಟಿಯಲ್ಲೇ ಇಲ್ಲ.

2025ರ ನವೆಂಬರ್ 21ರಂದು 29 ಕಾರ್ಮಿಕ ಕಾಯಿದೆಗಳು 4 ಸಂಹಿತೆಗಳಾಗಿ ಜಾರಿಗೆ ಬಂದವು. ನನ್ನ ಹಳೆಯ ಟಿಪ್ಪಣಿಗಳೆಲ್ಲ ರದ್ದಿಯವನ ತಕ್ಕಡಿ ಏರಿದವು. ಹೊಸ ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ಕುಟ್ಟಿಕೊಟ್ಟವಳು ಹೆಂಡತಿ. ಅಲ್ಲೇ ಎಡವಟ್ಟಾದದ್ದು: ಅವಳು ಕುಟ್ಟುತ್ತಾ ಓದಿಯೂಬಿಟ್ಟಿದ್ದಳು.

ಮೊನ್ನೆ ಭಾನುವಾರ ತೆಂಗಿನಕಾಯಿ ತುರಿಯಲು ಕೂರಿಸಿದಾಗ ವಾದ ಹೂಡಿದೆ: "ಇದು ಅಪ್ಪಟ ದೈಹಿಕ ಶ್ರಮ. ಈ ಮನೆಯಲ್ಲಾದರೂ ನಾನು ಕಾರ್ಮಿಕ. ವಾರದ ರಜೆ ಕೊಡು."

ಅವಳು ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. "ಮನೆ ಉದ್ಯಮ ಆಗಬೇಕಾದರೆ ಮೂರು ಲಕ್ಷಣ ಬೇಕು ಅಂತ ಕೃಷ್ಣ ಅಯ್ಯರ್ ಹೇಳಿದ್ದಾರಲ್ಲ? ಕ್ರಮಬದ್ಧ ಚಟುವಟಿಕೆ, ಅದು ನಾನು ಮಾಡ್ತೇನೆ. ಜನರಿಗೆ ಬೇಕಾದ್ದರ ಉತ್ಪಾದನೆ, ಅದೂ ನಾನೇ. ಮಾಲೀಕರು-ನೌಕರರ ಸಹಕಾರ ಅಂತ ಇನ್ನೊಂದಿದೆ. ಅದನ್ನು ಈ ಮನೆಯಲ್ಲಿ ಯಾವತ್ತಾದರೂ ಕಂಡಿದ್ದೀರಾ? ತುರೀರಿ."