ವಿಕ್ಸ್‌ಬರ್ಗ್ ಸ್ಥಾವರ-ಜಂಗಮ ನಿರ್ಣಯ

ಅಥ ಆರ್‌ವಿ ಲಕ್ಷಣಂ. ಅಡುಗೆಮನೆ, ಹಾಸಿಗೆ, ಪಾಯಿಖಾನೆಗಳಿಂದ ಕೂಡಿಯೂ ಮನೆಗಿಲ್ಲದ ಸ್ಟಿಯರಿಂಗ್ ಉಳ್ಳದ್ದು ಆರ್‌ವಿ. ಇದು ಜಂಗಮ, ಇದು ನೋಡಲು ಹೋಗುವ ಊರು ಸ್ಥಾವರ ಎಂಬುದು ಪೂರ್ವಪಕ್ಷ. ಅಮೆರಿಕದ ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗಿನಲ್ಲಿ ಈ ಮತ ಒಂದು ಗಳಿಗೆಯೂ ನಿಲ್ಲದು.

ಮೊದಲು ನದಿಯನ್ನೇ ಪರಿಶೀಲಿಸೋಣ. ಪೇಟೆಯ ದಂಡೆಯಲ್ಲಿ ನಿಂತು 'ಆಹಾ, ಮಿಸಿಸಿಪಿ' ಎಂದು ಪ್ರವಾಸಿ ಫೋಟೋ ತೆಗೆಯುವ ನೀರು ಯಾಜೂ ನದಿಯನ್ನು ತಿರುಗಿಸಿ ತಂದ ಕಾಲುವೆಯದು. ಅಸಲು ಮಿಸಿಸಿಪಿ 1876ರಲ್ಲಿ ಎದುರುದಂಡೆಯ ನಾಲಗೆಯಾಕಾರದ ನೆಲದಲ್ಲಿ ಅಡ್ಡದಾರಿ ಕೊರೆದುಕೊಂಡು ಊರಿನ ಮುಂದಿನಿಂದ ಎದ್ದುಹೋಯಿತು. ಬದಲಿ ನೀರು ಬರಲು 1903 ಆಗಬೇಕಾಯಿತು. ಅಂತರ್ಯುದ್ಧದಲ್ಲಿ ಊರನ್ನು ಹಿಡಿಯಲು ಬಂದ ಉತ್ತರ ಪಕ್ಷದ ಜನರಲ್ ಗ್ರಾಂಟ್, ಊರಿನ ಫಿರಂಗಿಗಳ ಕಣ್ಣು ತಪ್ಪಿಸಲು, ಇದೇ ನೆಲವನ್ನು ಸೀಳಲು ಹೊರಟಿದ್ದ. ಸೈನಿಕರೂ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರೂ ತೋಡಿದರು, ಸತ್ತರು. 1863ರ ನೆರೆ ಕಾಲುವೆಯನ್ನು ನುಂಗಿತು. ಹದಿಮೂರು ವರ್ಷದ ಮೇಲೆ ನದಿ ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟಿತು. ನದಿಯ ರಾಜಕೀಯ ನಿಲುವು ಪ್ರತ್ಯೇಕ ಪಿಎಚ್.ಡಿ.ಗೆ ಅರ್ಹ.

ಇನ್ನು ಮನೆ. 1863ರಲ್ಲಿ ಗ್ರಾಂಟ್ ಹಾಕಿದ 47 ದಿನಗಳ ಮುತ್ತಿಗೆಯಲ್ಲಿ ಊರವರು ಗುಡ್ಡದ ಹಳದಿ ಮಣ್ಣಿನಲ್ಲಿ ತೋಡಿದ ಗುಹೆಗಳನ್ನು ಮಂಚ, ರತ್ನಗಂಬಳಿ ಸಮೇತ ಹೊಕ್ಕರು. (ಕಂಬಳಿಯ ವರ್ಣನೆಯಲ್ಲಿ ಮೈಮರೆಯುವ ಚರಿತ್ರಕಾರರಿಗೆ, ಗುದ್ದಲಿ ಹಿಡಿದವರಲ್ಲಿ ಗುಲಾಮರಿದ್ದದ್ದು ತಡವಾಗಿ ನೆನಪಾಗುತ್ತದೆ.) ಗೋಡೆಯೂ ಕೂತಲ್ಲಿ ಕೂರಲಿಲ್ಲ. ಕಾಗದ ಮುಗಿದಾಗ 'ಡೈಲಿ ಸಿಟಿಜನ್' ಪತ್ರಿಕೆ ಗೋಡೆಗೆ ಅಂಟಿಸುವ ಹೂವಿನ ಕಾಗದದ ಬೆನ್ನ ಮೇಲೆ ಅಚ್ಚಾಯಿತು. ಜುಲೈ 4ಕ್ಕೆ ಗ್ರಾಂಟ್ ಇಲ್ಲಿ ಊಟ ಮಾಡುತ್ತಾನಂತೆ ಎಂದು ಜುಲೈ 2ರ ಸಂಚಿಕೆ ಗೇಲಿ ಮಾಡಿತು. ಜುಲೈ 4ಕ್ಕೆ ಊರು ಶರಣಾಯಿತು. ಅಚ್ಚುಮೊಳೆ ಜೋಡಿಸಿಟ್ಟಂತೆಯೇ ಸಿಕ್ಕ ಆ ಸಂಚಿಕೆಗೆ ಗ್ರಾಂಟನ ಸೈನಿಕರೇ ಒಂದು ಷರಾ ಸೇರಿಸಿ ಮುದ್ರಿಸಿದರು. ಸಂಪಾದಕರಿಗೆ ಪತ್ರ ಬರೆಯುವ ಕಲೆಯಲ್ಲಿ ಇದಕ್ಕಿಂತ ಪರಿಣಾಮಕಾರಿ ನಮೂನೆ ನಮ್ಮ ಅರಿವಿಗೆ ಬಂದಿಲ್ಲ.

ಸೋಡಾ ಅಂಗಡಿಯ ನಲ್ಲಿಗೆ ಅಂಟಿಕೊಂಡಿದ್ದ ಕೋಕಾ-ಕೋಲಾವನ್ನು 1894ರಲ್ಲಿ ಮೊದಲು ಸೀಸೆಗಿಳಿಸಿ ಊರೂರು ತಿರುಗಿಸಿದ್ದೂ ಇಲ್ಲಿಯೇ ಎಂಬುದನ್ನು ಅವಸರದಲ್ಲಿ ದಾಖಲಿಸಿ ಮುಂದುವರಿಯುತ್ತೇವೆ.

ಈಗ ಆರ್‌ವಿ. ಅದು ಆರ್‌ವಿ ಅಂಗಳಕ್ಕೆ ಬಂದೊಡನೆ ಚಕ್ರಕ್ಕೆ ತಡೆ, ನಲ್ಲಿಗೆ ಪೈಪು, ಕಂಬಕ್ಕೆ ಕರೆಂಟು. ಪಕ್ಕದ ಗೋಡೆ ಹೊರಚಾಚಿ, ಬಾಗಿಲ ಮುಂದೆ ಕುರ್ಚಿ ಬಿದ್ದ ಮೇಲೆ ಅದು ಕದಲುವುದಿಲ್ಲ. ಏರಿಳಿತದ ಬೀದಿಗಳನ್ನು ಯಜಮಾನರು ಹಿಂದೆ ಕಟ್ಟಿಕೊಂಡು ಬಂದ ಸಣ್ಣ ಕಾರಿನಲ್ಲಿ ಸುತ್ತುತ್ತಾರೆ. ಆದ್ದರಿಂದ ಸಿದ್ಧಾಂತ: ವಿಕ್ಸ್‌ಬರ್ಗಿನಲ್ಲಿ ಸ್ಥಾವರವೆನ್ನಬಹುದಾದದ್ದು ಆರ್‌ವಿ ಒಂದೇ.

ಕೊಳೆನೀರಿನ ಟ್ಯಾಂಕ್ ತುಂಬಿದರೆ ಹೊರಡಲೇಬೇಕಲ್ಲವೇ ಎಂದು ಪ್ರತಿವಾದಿಗಳು ಕೇಳಬಹುದು. ನಿಂತಲ್ಲಿಗೇ ಚರಂಡಿ ಸಂಪರ್ಕ ಬೇಕೆಂದು ಹೆಚ್ಚಿಗೆ ದುಡ್ಡು ಕಟ್ಟಿದವರ ವಿಷಯದಲ್ಲಿ ಈ ಆಕ್ಷೇಪ ಊರ್ಜಿತವಲ್ಲ.